ಬೆಳಗಿನ ಬಾನುಲಿಯ ನಗೆಮಾತು

ಬಾನುಲಿಯು ಮನೆಮನೆಗೆ ಬಂದಂದಿನಿಂದ ನಮ್ಮ ಬೆಳಗಿನ ಹೊತ್ತಿಗೆ ಎರಡು ದನಿಗಳು ಕೂಡಿಕೊಂಡಿವೆ. ಒಂದು, ಮಂಗಳವಾದ್ಯದಿಂದ ಮೊದಲಾಗಿ ಚಿಂತನ, ವಾರ್ತೆ, ಶಾಸ್ತ್ರೀಯ ಸಂಗೀತಗಳಲ್ಲಿ ಸಾಗುವ ಗಂಭೀರವಾದ ದನಿ. ಇನ್ನೊಂದು, ಹಲ್ಲುಜ್ಜುತ್ತಿರುವವನನ್ನು ಮಾತಿಗೆಳೆದು, ಹೊಸ ಹಾಡಿನ ಸುದ್ದಿ ಹೇಳಿ, ಯಾರದೋ ಪತ್ರವನ್ನೋದಿ, ಇನ್ನಾರಿಗೋ ದೂರವಾಣಿ ಮಾಡಿ ನಗಿಸುವ ದನಿ. ಮೊದಲನೆಯದರ ಚರಿತ್ರೆಯನ್ನು ಬಲ್ಲವರು ಬರೆದಿಟ್ಟಿದ್ದಾರೆ. ಎರಡನೆಯದು ಚರಿತ್ರೆಗೆ ಯೋಗ್ಯವೆಂದು ಎಣಿಸಿದವರು ಕಡಮೆ. ಹರಟೆಗೆ ಎಂಥ ಇತಿಹಾಸ ಎಂಬ ಉದಾಸೀನ. ಆದರೆ ಈ ಹರಟೆಯ ಬೆನ್ನಟ್ಟಿ ಹೋದರೆ ಒಂದು ದೊಡ್ಡ ಪ್ರಶ್ನೆಯೇ ಎದುರಾಗುತ್ತದೆ: ಬಾನುಲಿಯಲ್ಲಿ ಕೇಳುಗನಿಗೆ ಮಾತಿನ ಹಕ್ಕು ಹೇಗೆ ಬಂತು, ಅದು ಬಂದಾಗ ಅವನು ನಗುವವರ ಸಾಲಿನಲ್ಲಿ ಕುಳಿತನೋ, ನಗೆಗೆ ಗುರಿಯಾಗಿ ಕುಳಿತನೋ ಎಂಬುದು.

ಈ ಕಥೆಯ ಮೊದಲ ಮುಖ್ಯ ಅಧ್ಯಾಯ ಅಮೆರಿಕದ ಷಿಕಾಗೋ ನಗರದ್ದು. 1933ನೆಯ ಇಸವಿ. ಆರ್ಥಿಕ ಮುಗ್ಗಟ್ಟು ಆ ದೇಶವನ್ನು ಹಿಂಡುತ್ತಿದ್ದ ಕಾಲ. ಅಂದಿನ ಬಾನುಲಿಯವರ ಲೆಕ್ಕದಲ್ಲಿ ಸಂಜೆಯೇ ಸುಗ್ಗಿ. ಬೆಳಗಿನ ಹೊತ್ತು ಯಾರಿಗೂ ಬೇಡದ ಬಂಜರು. ಆ ಬಂಜರನ್ನು ಡಾನ್ ಮ್ಯಾಕ್‌ನೀಲ್ ಎಂಬ ತರುಣನಿಗೆ ವಹಿಸಿಕೊಟ್ಟರು. ನಡೆಯುತ್ತಿದ್ದ ಒಂದು ಸಪ್ಪೆ ಕಾರ್ಯಕ್ರಮದ ಹೆಸರನ್ನು ಬದಲಿಸಿ ಆತ ‘ಬ್ರೇಕ್‌ಫಾಸ್ಟ್ ಕ್ಲಬ್’ ಎಂದು ಕರೆದ. ಆ ವರ್ಷದ ಜೂನ್ ತಿಂಗಳಲ್ಲಿ ಪ್ರಸಾರ ಆರಂಭವಾಯಿತು. ಒಂದು ಗಂಟೆಯ ಅವಧಿಯನ್ನು ನಾಲ್ಕು ಪಾಲು ಮಾಡಿ, ಪ್ರತಿ ಕಾಲುಗಂಟೆಗೊಮ್ಮೆ ‘ಉಪಾಹಾರಕ್ಕೆ ಬನ್ನಿ’ ಎಂಬ ಕರೆ. ವಾದ್ಯಮೇಳದವರು ಕವಾಯತಿನ ಧಾಟಿಯೊಂದನ್ನು ಬಾರಿಸುತ್ತಿದ್ದಂತೆ ಮನೆಯವರೆಲ್ಲ ಎದ್ದು ಊಟದ ಮೇಜನ್ನು ಸುತ್ತಬೇಕೆಂಬ ಆಹ್ವಾನ. ಹೇಳಿದರೆ ಹುಡುಗಾಟಿಕೆಯೆನಿಸುತ್ತದೆ. ಆದರೆ ಸಾವಿರಾರು ಅಡುಗೆಮನೆಗಳಲ್ಲಿ ಜನ ಎದ್ದು ಸುತ್ತಿದರು.

ಮ್ಯಾಕ್‌ನೀಲ್ ಮೊದಮೊದಲು ನಗೆಮಾತುಗಳನ್ನು ತಾನೇ ಬರೆದು ಓದುತ್ತಿದ್ದ. ದಿನಕ್ಕೊಂದು ಗಂಟೆಯ ನಗೆಯನ್ನು ಒಬ್ಬನೇ ಬರೆಯುವುದು ಎಂಥವನಿಗೂ ಆಗದ ಕೆಲಸ. ಕೆಲವೇ ತಿಂಗಳಲ್ಲಿ ಆತ ಬರೆದೋದುವುದನ್ನು ಕೈಬಿಟ್ಟು, ಕೇಳುಗರು ಕಳಿಸಿದ ಪತ್ರಗಳನ್ನೇ ಕಾರ್ಯಕ್ರಮದ ಬಂಡವಾಳ ಮಾಡಿಕೊಂಡ. ಅವರ ಮನೆಯ ತಮಾಷೆ, ಅವರ ಮಕ್ಕಳ ತೊದಲು, ಅವರೇ ಹೊಸೆದ ಪದ್ಯ. ಜೊತೆಗೆ ಒಂದಿಬ್ಬರು ಹಾಸ್ಯಗಾರರು: ಪಂಚಾಂಗದ ಮಾದರಿಯಲ್ಲಿ ಹುಸಿಜ್ಞಾನ ಹಂಚುತ್ತಿದ್ದ ಸ್ಯಾಮ್ ಕೌಲಿಂಗ್, ಊರವರ ಸುದ್ದಿಯನ್ನೆಲ್ಲ ಬಲ್ಲ ಮುದುಕಿ ‘ಫ್ಯಾನಿ ಚಿಕ್ಕಮ್ಮ’ನಾಗಿ ಮಾತಾಡುತ್ತಿದ್ದ ಫ್ರಾನ್ ಆಲಿಸನ್. ಬರೆದದ್ದನ್ನು ತಿದ್ದಿ, ಒಪ್ಪಿಗೆ ಪಡೆದು, ಅದನ್ನೇ ಓದುವುದು ಅಂದಿನ ಬಾನುಲಿಯ ಕಟ್ಟಳೆಯಾಗಿದ್ದಾಗ ಹೀಗೆ ಬಾಯಿಗೆ ಬಂದಂತೆ ಮಾತನಾಡಲು ಅನುಮತಿ ದೊರೆತದ್ದು ಸಣ್ಣ ಸಂಗತಿಯಲ್ಲ. (ಎದುರಿಗೆ ಹಾಳೆಯಿಟ್ಟುಕೊಂಡು ಇದನ್ನು ಓದುತ್ತಿರುವ ನಾನು ಈ ಮಾತನ್ನು ಹೇಳುವುದೂ ಒಂದು ತಮಾಷೆಯೇ.) ಬಹುಶಃ ಬೆಳಗಿನ ಹೊತ್ತು ಯಾರಿಗೂ ಬೇಡವಾಗಿದ್ದುದರಿಂದಲೇ ಆ ಸ್ವಾತಂತ್ರ್ಯ ಸಿಕ್ಕಿತೆಂದು ತೋರುತ್ತದೆ. ಕಾವಲಿಲ್ಲದ ಹೊಲದಲ್ಲಿ ಬೆಳೆದ ಬೆಳೆ ಅದು. 1968ರ ಡಿಸೆಂಬರಿನಲ್ಲಿ ಕಾರ್ಯಕ್ರಮ ನಿಂತಾಗ ಮೂವತ್ತೈದು ವರ್ಷಗಳು ಕಳೆದಿದ್ದವು.

ಇಂಗ್ಲೆಂಡಿನಲ್ಲಿ ಈ ಗಾಳಿ ಬೀಸಿದ್ದು ತಡವಾಗಿ. ಅಲ್ಲಿ ಬಿ.ಬಿ.ಸಿ.ಯದೇ ಏಕಸ್ವಾಮ್ಯ. ಗೃಹಿಣಿಯರು ಕಾರ್ಡು ಬರೆದು ಹಾಡು ಕೇಳುವ ‘ಹೌಸ್‌ವೈವ್ಸ್ ಚಾಯ್ಸ್’ 1946ರಿಂದಲೇ ಇತ್ತಾದರೂ, ದಿನಕ್ಕೆ ಇಷ್ಟು ಹೊತ್ತು ಮಾತ್ರ ಗ್ರಾಮಫೋನ್ ತಟ್ಟೆಗಳನ್ನು ಹಾಕಬಹುದೆಂಬ ಒಪ್ಪಂದ ಸಂಗೀತಗಾರರ ಸಂಘದೊಡನೆಯೂ ತಟ್ಟೆಯ ಕಂಪನಿಗಳೊಡನೆಯೂ ಇತ್ತು. ಈ ಕಟ್ಟನ್ನು ತಪ್ಪಿಸಿಕೊಳ್ಳಲು ಕೆಲವರು ಹಡಗು ಹತ್ತಿದರು. 1964ರ ಈಸ್ಟರ್ ಹಬ್ಬದ ವೇಳೆಗೆ ಕಡಲಿನಲ್ಲಿ ನಿಂತ ಹಡಗಿನಿಂದ ‘ರೇಡಿಯೋ ಕ್ಯಾರೊಲಿನ್’ ಹಾಡತೊಡಗಿತು. 1967ರ ಆಗಸ್ಟಿನಲ್ಲಿ ಕಾನೂನು ಈ ಹಡಗುಗಳ ಬಾಯಿ ಕಟ್ಟಿತು. ಮರುತಿಂಗಳೇ, ಸೆಪ್ಟೆಂಬರ್ 30ರಂದು, ಬಿ.ಬಿ.ಸಿ. ತನ್ನದೇ ‘ರೇಡಿಯೋ ಒನ್’ ತೆರೆದು, ಅದೇ ಹಡಗುಗಳಿಂದ ಇಳಿದು ಬಂದ ಟೋನಿ ಬ್ಲ್ಯಾಕ್‌ಬರ್ನನನ್ನು ಬೆಳಗಿನ ಪೀಠದಲ್ಲಿ ಕೂರಿಸಿತು. ಕಳ್ಳನನ್ನು ಹಿಡಿದು ಕಾವಲಿಗಿಟ್ಟಂತೆ. ಬ್ಲ್ಯಾಕ್‌ಬರ್ನನ ಸರಕು ಹಳಸಲು ಶ್ಲೇಷೆ, ಹೊಸ ಹಾಡು, ಮತ್ತು ಧ್ವನಿಮುದ್ರಿತ ಬೊಗಳಿನ ‘ಆರ್ನಲ್ಡ್’ ಎಂಬ ನಾಯಿ. ಇಲ್ಲದ ನಾಯಿಯೊಡನೆ ಮಾತಾಡಿ ಇಡೀ ದೇಶವನ್ನು ನಗಿಸಿದ್ದು ಅಂದಿನ ಗಂಭೀರ ವಿಮರ್ಶಕರಿಗೆ ಹಿಡಿಸಲಿಲ್ಲ. ಮುಂದೆ ‘ರೇಡಿಯೋ ಟೂ’ವಿನಲ್ಲಿ ಬೆಳಗಿನ ಮಾತುಗಾರನಾದ ಟೆರಿ ವೋಗನ್‌ಗೆ, ನಿಮಗೆಷ್ಟು ಮಂದಿ ಕೇಳುಗರು ಎಂದು ಯಾರೋ ಕೇಳಿದರಂತೆ. ಒಬ್ಬರೇ ಎಂದನಂತೆ ಆತ. ಈ ಕಲೆಯ ಮರ್ಮ ಆ ಉತ್ತರದಲ್ಲಿದೆ.

ಭಾರತಕ್ಕೆ ಬಂದರೆ ಕಥೆಗೆ ಬೇರೆಯೇ ಬಣ್ಣ. 1952ರಲ್ಲಿ ವಾರ್ತಾ ಮಂತ್ರಿಗಳಾದ ಬಿ. ವಿ. ಕೇಸ್ಕರರು ಶಾಸ್ತ್ರೀಯ ಸಂಗೀತದ ಪಕ್ಷಪಾತಿಗಳು. ಚಿತ್ರಗೀತೆಗಳಿಗೆ ಅವರು ಕಡಿವಾಣ ಹಾಕಿದರು. ನಿರ್ಮಾಪಕರು ಮುನಿದು ಹಾಡುಗಳ ಹಕ್ಕನ್ನೇ ಹಿಂದಕ್ಕೆ ಪಡೆದರು. ಆಕಾಶವಾಣಿಯಿಂದ ಸಿನಿಮಾ ಹಾಡು ಮಾಯವಾಯಿತು. ಜನರ ಕಿವಿ ಸಮುದ್ರ ದಾಟಿ ಸಿಂಹಳಕ್ಕೆ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗಾಗಿ ಸ್ಥಾಪಿಸಿದ್ದ ಪ್ರಬಲವಾದ ಪ್ರೇಷಕವೊಂದು ಕೊಲಂಬೋದ ‘ರೇಡಿಯೋ ಸಿಲೋನ್’ ಪಾಲಿಗೆ ಬಂದಿತ್ತು; ಅದರ ಶಾರ್ಟ್‌ವೇವ್ ತರಂಗಗಳು ನಮ್ಮ ದೇಶದ ಮೂಲೆಮೂಲೆಯನ್ನೂ ಮುಟ್ಟುತ್ತಿದ್ದವು. ಬೆಳಿಗ್ಗೆ ಏಳೂವರೆಗೆ ಹಳೆಯ ಚಿತ್ರಗಳ ಗೀತೆಗಳು, ಅವುಗಳ ಕೊನೆಗೆ ತಪ್ಪದೆ ಸೈಗಲ್ಲರ ಒಂದು ಹಾಡು, ಎಂಟಕ್ಕೆ ಕೇಳುಗರ ಮೆಚ್ಚಿನ ಗೀತೆಗಳು. ಗಡಿಯಾರವಿಲ್ಲದ ಮನೆಗಳಲ್ಲಿ ಸೈಗಲ್ಲರ ದನಿಯೇ ಎಂಟರ ಗಂಟೆ.

1952ರ ಡಿಸೆಂಬರಿನಲ್ಲಿ ಅದೇ ನಿಲಯದಿಂದ ‘ಬಿನಾಕಾ ಗೀತಮಾಲಾ’ ಆರಂಭವಾಯಿತು. ಅದು ಬುಧವಾರ ರಾತ್ರಿಯ ಕಾರ್ಯಕ್ರಮ. ಆದರೂ ಮುಂದಿನ ಬೆಳಗಿನ ಮಾತುಗಾರರೆಲ್ಲರ ಗುರುಕುಲ ಅದೇ. ಅಮೀನ್ ಸಯಾನಿಯವರು ಆಗ ಇಪ್ಪತ್ತರ ಹರೆಯದವರು. ಸಂಭಾವನೆ ವಾರಕ್ಕೆ 25 ರೂಪಾಯಿ. ಬರೆಯುವುದು, ಮಾತಾಡುವುದು, ಬಂದ ಪತ್ರಗಳನ್ನೋದುವುದು ಎಲ್ಲವೂ ಅವರದೇ. ಮೊದಲ ಕಂತಿಗೇ ಒಂಬತ್ತು ಸಾವಿರ ಪತ್ರಗಳು ಬಂದವೆಂದೂ, ಮುಂದೆ ಅವು ವಾರಕ್ಕೆ ಅರುವತ್ತೈದು ಸಾವಿರಕ್ಕೆ ಏರಿದವೆಂದೂ ಅವರು ನೆನೆದುಕೊಂಡದ್ದುಂಟು. ಹಾಡುಗಳನ್ನು ಮೆಟ್ಟಿಲ ಮೇಲೆ ಹತ್ತಿಸಿ ಇಳಿಸುವ ಆಟ ಎರಡು ವರ್ಷಗಳ ಬಳಿಕ ಬಂದಿತು. ತಟ್ಟೆಯಂಗಡಿಗಳ ಮಾರಾಟ, ಕೇಳುಗರ ಸಂಘಗಳ ಒಲವು ಎರಡನ್ನೂ ಕೂಡಿಸಿ ಯಾವ ಹಾಡು ಯಾವ ಮೆಟ್ಟಿಲಿಗೇರಿತೆಂದು ಹೇಳುವಾಗ, ಚುನಾವಣೆಯ ಫಲಿತಾಂಶಕ್ಕಿರುವ ಕುತೂಹಲ ಅದಕ್ಕೆ ಒದಗುತ್ತಿತ್ತು. ಸಂಗೀತವೂ ಸುದ್ದಿಯಾಗಬಲ್ಲುದೆಂದು ನಮ್ಮವರು ಕಲಿತದ್ದು ಅಲ್ಲಿ. 2024ರ ಫೆಬ್ರವರಿಯಲ್ಲಿ ಸಯಾನಿಯವರು ತೀರಿಕೊಂಡರು.

ಪತ್ರಗಳ ಮಾತು ಬಂದಾಗ ಝುಮ್ರಿ ತಿಲೈಯಾವನ್ನು ಬಿಡಲಾಗದು. ಆಗ ಬಿಹಾರದಲ್ಲಿದ್ದ, ಈಗ ಝಾರ್ಖಂಡಕ್ಕೆ ಸೇರಿದ, ಅಭ್ರಕದ ಗಣಿಗಳ ಸಣ್ಣ ಪೇಟೆ ಅದು. ಸಿಲೋನಿನಿಂದಾಗಲಿ ಮುಂದೆ ವಿವಿಧ ಭಾರತಿಯಿಂದಾಗಲಿ ಮೆಚ್ಚಿನ ಹಾಡು ಬರುವ ಮುನ್ನ ಓದುವ ಹೆಸರುಗಳ ಪಟ್ಟಿಯಲ್ಲಿ ಈ ಊರಿನವರು ಎಷ್ಟು ಸಾರಿ ಬಂದರೆಂದರೆ, ಇಂಥದೊಂದು ಊರೇ ಇಲ್ಲ, ನಿಲಯದವರು ಕಟ್ಟಿದ ಕಥೆ ಎಂದು ಬಹುಮಂದಿ ನಂಬಿದ್ದರು. ಊರೇನೋ ಇತ್ತು. ಅಲ್ಲಿ ಕೇಳುಗರ ಸಂಘಗಳಿದ್ದವು, ಯಾರು ಹೆಚ್ಚು ಕಾರ್ಡು ಬರೆದಾರೆಂಬ ಪೈಪೋಟಿಯಿತ್ತು. ಭೂಪಟದಲ್ಲಿ ಹುಡುಕಿದರೂ ಕಣ್ಣಿಗೆ ಬೀಳದ ಊರೊಂದು ಬರಿಯ ಅಂಚೆ ಕಾರ್ಡಿನ ಬಲದಿಂದ ದೇಶದ ಕಿವಿಯಲ್ಲಿ ನೆಲೆಯಾಯಿತು. ಹಾಡು ಅವರಿಗೆ ನೆಪವೆಂದೇ ನನ್ನ ಎಣಿಕೆ. ಬೇಕಾದದ್ದು ತಮ್ಮ ಹೆಸರನ್ನು ಇನ್ನೊಬ್ಬರ ದನಿಯಲ್ಲಿ ಕೇಳುವ ಸುಖ.

1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಹುಟ್ಟಿ ಸರ್ಕಾರ ತನ್ನ ಸೋಲನ್ನು ಒಪ್ಪಿಕೊಂಡಿತು. ಆದರೂ ಮಾತು ಬರೆದದ್ದೇ. ಕೇಳುಗ ಹೆಸರಾಗಿ ಬಂದನೇ ಹೊರತು ದನಿಯಾಗಿ ಬರಲಿಲ್ಲ. ನಮ್ಮ ಬೆಂಗಳೂರು ನಿಲಯದಲ್ಲಿ ಎ. ಎಸ್. ಮೂರ್ತಿಯವರು ‘ಈರಣ್ಣ’ನಾಗಿ ಸಾಮಾನ್ಯನ ನಾಲಗೆಯನ್ನು ಬಾನುಲಿಗೆ ತಂದರು, ಆ ಹೆಸರು ಅವರಿಗೆ ಕೊನೆಯವರೆಗೂ ಅಂಟಿಕೊಂಡಿತು. ಅದು ಕೇಳುಗನ ಪರವಾಗಿ ನಟನೊಬ್ಬ ಆಡಿದ ಮಾತು. ಕೇಳುಗನೇ ಆಡಬೇಕಾದರೆ ದೂರವಾಣಿ ಬೇಕಿತ್ತು.

1945ರಲ್ಲಿ ನ್ಯೂಯಾರ್ಕಿನ ಬ್ಯಾರಿ ಗ್ರೇ ಎಂಬಾತ ಪ್ರಸಾರದ ನಡುವೆ ಬಂದ ಕರೆಯೊಂದನ್ನು, ರಿಸೀವರನ್ನೇ ಮೈಕಿಗೆ ಹಿಡಿದು ಕೇಳಿಸಿದನೆಂದೂ, ದೂರವಾಣಿಯ ಮಾತುಕತೆ ಬಾನುಲಿಗೆ ಬಂದದ್ದು ಹಾಗೆಂದೂ ಹೇಳುವುದುಂಟು. ಆದರೆ ಕರೆ ಮಾಡಿದವನು ಬೈದರೆ? ನಿಲಯದ ಪರವಾನಗಿಗೇ ಸಂಚಕಾರ. ಉಪಾಯವನ್ನು ಧ್ವನಿಸುರುಳಿ ಒದಗಿಸಿತು. ಒಂದು ಕಡೆ ಮಾತು ಮುದ್ರಿತವಾಗುತ್ತದೆ. ಸುರುಳಿ ಕೆಲವು ಸೆಕೆಂಡು ಹರಿದು ಇನ್ನೊಂದು ಕಡೆಗೆ ಬಂದ ಬಳಿಕವಷ್ಟೇ ಅದು ಪ್ರಸಾರವಾಗುತ್ತದೆ. ನಡುವಿನ ಆ ಕೆಲವು ಸೆಕೆಂಡುಗಳಲ್ಲಿ ಕೆಟ್ಟ ಮಾತನ್ನು ಕತ್ತರಿಸಬಹುದು. ಈ ಏರ್ಪಾಟು ಯಾರನ್ನು ಕಾಯುತ್ತದೆಂಬುದನ್ನು ಗಮನಿಸಬೇಕು. ಅದು ಕೇಳುಗನ ನಾಲಗೆಯಿಂದ ನಿಲಯವನ್ನು ಕಾಯುತ್ತದೆ. ನಿಲಯದ ನಾಲಗೆಯಿಂದ ಕೇಳುಗನನ್ನಲ್ಲ.

1995ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು, ಪ್ರಸಾರ ತರಂಗಗಳು ಸಾರ್ವಜನಿಕರ ಸ್ವತ್ತೆಂದು ತೀರ್ಪಿತ್ತಿತು. 2001ರ ಜುಲೈ 3ರಂದು ದೇಶದ ಮೊದಲ ಖಾಸಗಿ ಎಫ್.ಎಂ. ನಿಲಯ ‘ರೇಡಿಯೋ ಸಿಟಿ’ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲಿಯೇ. ಆದರೆ ಸ್ವತ್ತು ಕೈಗೆ ಬಂದದ್ದು ಅರ್ಧ ಮಾತ್ರ: ಖಾಸಗಿ ನಿಲಯಗಳು ವಾರ್ತೆಯನ್ನು ಬಿತ್ತರಿಸಕೂಡದು. ರಸ್ತೆಯ ದಟ್ಟಣೆ, ಹವೆ, ಪರೀಕ್ಷೆಯ ಫಲಿತಾಂಶ, ನೀರು-ವಿದ್ಯುತ್ತಿನ ಪ್ರಕಟಣೆ ಇವು ವಾರ್ತೆಯಲ್ಲವೆಂದು 2011ರ ನೀತಿ ಪಟ್ಟಿ ಮಾಡಿಕೊಟ್ಟಿತು. ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರವೂ ತಿದ್ದದೆ ಮರುಪ್ರಸಾರ ಮಾಡುವ ಅವಕಾಶ ಕೈಗೂಡಿದ್ದು 2019ರಲ್ಲಿ. ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು ಹೇಳಬಹುದು. ಏಕೆ ಬರುವುದಿಲ್ಲವೆಂಬ ಪ್ರಶ್ನೆ ನಗೆಯ ವೇಷ ತೊಟ್ಟು ಬರಬೇಕು. ನಮ್ಮ ಬೆಳಗಿನ ಮಾತುಗಾರರು ರಸ್ತೆಯ ಗುಂಡಿಯ ಮೇಲೆ ಅಷ್ಟು ನಗೆಯಾಡುವುದಕ್ಕೆ ಅವರ ವಾಚಾಳಿತನವೊಂದೇ ಕಾರಣವಲ್ಲ. 2017ರ ಮಳೆಗಾಲದಲ್ಲಿ ಮುಂಬಯಿಯ ಬೆಳಗಿನ ಮಾತುಗಾರ್ತಿ ಮಲಿಷ್ಕಾ ಅವರು ನಗರಪಾಲಿಕೆಯ ರಸ್ತೆಗಳನ್ನು ಕುರಿತು ಒಂದು ಅಣಕುಹಾಡು ಹಾಡಿದರು. ಮಾನನಷ್ಟದ ಮೊಕದ್ದಮೆ ಹೂಡಬೇಕೆಂದು ಆಡಳಿತ ಪಕ್ಷದ ಸದಸ್ಯರು ಒತ್ತಾಯಿಸಿದರು. ಅಷ್ಟರಲ್ಲಿ ಪಾಲಿಕೆಯವರಿಗೆ ಆಕೆಯ ಮನೆಯಲ್ಲಿ ಸೊಳ್ಳೆಯ ಮರಿಗಳು ಕಂಡವು, ನೋಟೀಸು ಬಂತು. ಬಲವಿದ್ದವರನ್ನು ನಕ್ಕ ನಗೆ ಅದು.

ನಗೆ ಬಲವಿಲ್ಲದವರತ್ತ ತಿರುಗಿದ್ದೂ ಉಂಟು. ಗುರುತು ಮರೆಸಿ ಯಾರಿಗೋ ದೂರವಾಣಿ ಮಾಡಿ, ಅವರ ತಬ್ಬಿಬ್ಬನ್ನು ಊರಿಗೆಲ್ಲ ಕೇಳಿಸುವ ಆಟವನ್ನು ಎಪ್ಪತ್ತರ ದಶಕದಲ್ಲಿ ಬ್ಲ್ಯಾಕ್‌ಬರ್ನನ ಪೀಠಕ್ಕೆ ಬಂದ ನೋಯೆಲ್ ಎಡ್ಮಂಡ್ಸ್ ಜನಪ್ರಿಯಗೊಳಿಸಿದ. ಅದು ಲೋಕವೆಲ್ಲ ಹಬ್ಬಿತು, ನಮ್ಮ ನಿಲಯಗಳಿಗೂ ಬಂದಿತು. 2012ರ ಡಿಸೆಂಬರ್ 4ರಂದು ಸಿಡ್ನಿಯ ‘ಟೂಡೇ ಎಫ್.ಎಂ.’ನ ಇಬ್ಬರು ಮಾತುಗಾರರು ರಾಣಿಯಂತೆಯೂ ರಾಜಕುಮಾರನಂತೆಯೂ ದನಿ ಮಾಡಿ ಲಂಡನ್ನಿನ ಆಸ್ಪತ್ರೆಯೊಂದಕ್ಕೆ ಕರೆ ಮಾಡಿದರು. ರಾಜಮನೆತನದ ಸೊಸೆ ಅಲ್ಲಿ ದಾಖಲಾಗಿದ್ದಳು. ಅವರದು ಬೆಳಗಿನ ಕಾರ್ಯಕ್ರಮವಲ್ಲ, ಜಾತಿ ಮಾತ್ರ ಅದೇ. ಲಂಡನ್ನಿನಲ್ಲಿ ಆಗ ಇನ್ನೂ ನಸುಕು. ಕರೆ ತೆಗೆದುಕೊಳ್ಳುವ ಕೆಲಸದವರು ಆ ಹೊತ್ತಿಗೆ ಇರಲಿಲ್ಲ. ರಾತ್ರಿಯ ಪಾಳಿಯ ದಾದಿಯೊಬ್ಬರು ಅದನ್ನು ತೆಗೆದುಕೊಂಡು, ನಂಬಿ, ವಾರ್ಡಿಗೆ ದಾಟಿಸಿದರು. ಅವರು ಆಡಿದ ಮಾತು ಎರಡೋ ಮೂರೋ. ಮುದ್ರಿಸಿದ ಸಂಭಾಷಣೆ ಪ್ರಸಾರವಾಗಿ ಜಗತ್ತೆಲ್ಲ ನಕ್ಕಿತು. ಮೂರು ದಿನಗಳ ಬಳಿಕ ಆ ದಾದಿ ಇಲ್ಲವಾದರು. ಆಕೆ ನಮ್ಮ ಕರಾವಳಿಯ ಮೂಲದವರು. ಅದೇ ತಿಂಗಳು ಉಡುಪಿ ಜಿಲ್ಲೆಯ ಮಣ್ಣಿನಲ್ಲಿ ಅವರ ಅಂತ್ಯಕ್ರಿಯೆ ನಡೆಯಿತು.

ಅದು ನೇರ ಪ್ರಸಾರವಾಗಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಕೆಲವು ಸೆಕೆಂಡುಗಳಲ್ಲ, ಗಂಟೆಗಳೇ ಕೈಯಲ್ಲಿದ್ದವು. ಮಾತನಾಡಿದವರ ಒಪ್ಪಿಗೆಯಿಲ್ಲದೆ ಖಾಸಗಿ ಸಂಭಾಷಣೆಯನ್ನು ಮುದ್ರಿಸಿ ಪ್ರಸಾರ ಮಾಡುವುದು ಆ ಪ್ರಾಂತದ ಕಾನೂನಿಗೆ ವಿರುದ್ಧ. ಆಸ್ಪತ್ರೆಯನ್ನು ಸಂಪರ್ಕಿಸಲು ಮತ್ತೆ ಮತ್ತೆ ಯತ್ನಿಸಿದೆವೆಂದು ನಿಲಯ ಹೇಳಿಕೊಂಡಿತು. ಒಪ್ಪಿಗೆ ಮಾತ್ರ ದೊರೆತಿರಲಿಲ್ಲ. ನಿಲಯವು ಅಪರಾಧವೆಸಗಿತೆಂದು ನಿರ್ಣಯಿಸುವ ಅಧಿಕಾರ ಪ್ರಸಾರ ನಿಯಂತ್ರಣ ಸಂಸ್ಥೆಗೆ ಉಂಟೇ ಎಂಬ ವ್ಯಾಜ್ಯ ಆಸ್ಟ್ರೇಲಿಯದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಯಿತು. ಉಂಟೆಂದು ಆ ನ್ಯಾಯಾಲಯ 2015ರ ಮಾರ್ಚ್ 4ರಂದು ತೀರ್ಪು ನೀಡಿತು. ಆ ಕಾರ್ಯಕ್ರಮ ಅಷ್ಟರಲ್ಲಿ ನಿಂತುಹೋಗಿ ಎರಡು ವರ್ಷಗಳಾಗಿದ್ದವು.