ಮಗುೞ್ಚು: ತುರುಗೊಳ್ ಕಲ್ಲುಗಳ ಒಂದು ಕ್ರಿಯಾಪದದ ನಿಷ್ಪತ್ತಿ

ಹೊನ್ನಾಳಿ, ಚನ್ನಗಿರಿ ತಾಲ್ಲೂಕುಗಳ ಶಾಸನಗಳನ್ನು ಬಿ. ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದರು, ಜಗಳೂರಿನವು ಹನ್ನೊಂದನೆಯದರಲ್ಲಿವೆ. ನ್ಯಾಮತಿ ಆಗ ಹೊನ್ನಾಳಿಗೆ ಸೇರಿತ್ತು. ಹಾಗಾಗಿ ಆ ಭಾಗದ ಬೆಳಗುತ್ತಿಯನ್ನಾಳಿದ ಸಿಂದರ ಶಾಸನಗಳನ್ನು ಏಳನೆಯ ಸಂಪುಟದಲ್ಲಿ ಹೊನ್ನಾಳಿಯ ಹೆಸರಿನಡಿಯೇ ಹುಡುಕಬೇಕು. ಈ ಶಾಸನಗಳ ನಡುವೆ ಬರುವ ತುರುಗೊಳ್, ಅಂದರೆ ದನಗಳ ಲೂಟಿಯ, ವೀರಗಲ್ಲೆಂದರೆ ಕೆಳಪಟ್ಟಿಕೆಯಲ್ಲಿ ದನಗಳು, ಕಾದುವ ವೀರ, ನಡುವೆ ಅವನನ್ನು ಹೊತ್ತೊಯ್ಯುವ ಅಪ್ಸರೆಯರು, ಮೇಲೆ ಲಿಂಗ. ಇಂಥ ಕಲ್ಲುಗಳ ಬರಹದಲ್ಲಿ ಮತ್ತೆ ಮತ್ತೆ ಎದುರಾಗುವ ಮಾತು 'ತುಱುವಂ ಮಗುೞ್ಚಿ'.

ಮಗುೞ್ ಎಂದರೆ ಹಿಂದಿರುಗು. ತೆಲುಗಿನ ಮಗುಡು ಇದರ ಸೋದರ ರೂಪ. ಏೞು–ಏಡು, ಕೋೞಿ–ಕೋಡಿಗಳಲ್ಲಿರುವ ೞ–ಡ ಸಂಬಂಧವೇ ಇಲ್ಲೂ ಇದೆ. ಇದಕ್ಕೆ ಪ್ರೇರಣಾರ್ಥಕ 'ಚು' ಸೇರಿದಾಗ ಮಗುೞ್ಚು: ಕಳ್ಳರು ಹೊಡೆದುಕೊಂಡು ಹೋದ ದನವನ್ನು ಹಿಂದಿರುಗಿಸು.

ಇಂದಿನ 'ಮಗುಚು' ಇದರದೇ ಮುಂದುವರಿಕೆ ಎಂಬುದು ನನ್ನ ನಿಲುವು. ಕಾವಲಿಯ ದೋಸೆಯನ್ನೋ ಅಂಗಳದಲ್ಲಿ ಒಣಹಾಕಿದ ಅಡಿಕೆಯನ್ನೋ ಮಗುಚುವಾಗ ಮೇಲ್ಮೈ ಕೆಳಗಾಗುವುದನ್ನು ಕಂಡು, ಪದವನ್ನು 'ಮೊಗ'ದಿಂದ ಬಿಡಿಸುವ ಆಸೆ ಹುಟ್ಟೀತು. ಧ್ವನಿಚರಿತ್ರೆ ಅದಕ್ಕೆ ಎಡೆಗೊಡುವುದಿಲ್ಲ. ವ್ಯಂಜನದ ಹಿಂದಿನ ೞಕಾರ ರೇಫವಾಗಿ, ಆಮೇಲೆ ಬಿದ್ದುಹೋಗುವುದು ಕನ್ನಡದಲ್ಲಿ ವಾಡಿಕೆ: ಮಗುೞ್ಚು, ಮಗುರ್ಚು, ಮಗುಚು. 'ಕೞ್ತೆ' ಕತ್ತೆಯಾದಾಗ ಉಳಿದ ವ್ಯಂಜನ ಇಮ್ಮಡಿಸಿತು. ಇಲ್ಲಿ ಇಮ್ಮಡಿಸಿಲ್ಲವೇಕೆ ಎಂಬುದು ನ್ಯಾಯವಾದ ಆಕ್ಷೇಪ. ಅದಕ್ಕೆ ಉತ್ತರ 'ಕಳಚು'ವಿನಲ್ಲಿದೆ. ಕೞಲ್ ಎಂಬುದರಿಂದ ಹುಟ್ಟಿದ ಕೞಲ್ಚು ಕಳಚು ಆದಾಗಲೂ ಚಕಾರ ಒಂಟಿಯಾಗಿಯೇ ಉಳಿಯಿತು.

ಈ ಎರಡು ಧಾತುಗಳ ಸಾಮ್ಯ ಇಷ್ಟಕ್ಕೇ ನಿಲ್ಲುವುದಿಲ್ಲ. ಮಗುೞ್, ಕೞಲ್ ಎಂಬ ಮೂಲಗಳು ಆಡುಮಾತಿನಿಂದ ಮರೆಯಾದ ಮೇಲೆ ಪ್ರೇರಣಾರ್ಥಕಗಳೇ ಅವುಗಳ ಕೆಲಸವನ್ನೂ ವಹಿಸಿಕೊಂಡವು. ಹಾಗಾಗಿಯೇ 'ಗಾಡಿ ಮಗುಚಿತು', 'ಕೊಂಡಿ ಕಳಚಿತು' ಎನ್ನುವಾಗ ಮಾಡಿಸುವವರು ಯಾರೂ ಬೇಕಿಲ್ಲ. ಮಗುಚುವಿನ ಅರ್ಥವೂ ದಿಕ್ಕಿನಿಂದ ಮಗ್ಗುಲಿಗೆ ಸರಿಯಿತು. ಬಂದ ದಾರಿಗೆ ತಿರುಗಿಸುವುದು ಹೋಗಿ, ಇದ್ದಲ್ಲೇ ಹೊರಳಿಸುವುದು ಉಳಿಯಿತು.

ಹದಿಮೂರನೆಯ ಶತಮಾನದ ವೈಯಾಕರಣ ಕೇಶಿರಾಜ ೞಕಾರದ ಪದಗಳನ್ನು ಪಟ್ಟಿಮಾಡಿ ಕೊಡಬೇಕಾಯಿತೆಂದರೆ, ಅಷ್ಟರಲ್ಲಾಗಲೇ ಆ ಧ್ವನಿ ನಾಲಗೆಯಿಂದ ಜಾರಿತ್ತು. ಕಲ್ಲಿನಲ್ಲಿ 'ಮಗುಳ್ಚಿ', 'ಮಗುರ್ಚಿ' ಕಂಡಾಗ ಅವನ್ನು ಬರೆದವನ ತಪ್ಪೆಂದು ತಿದ್ದಿ 'ಮಗುೞ್ಚಿ' ಎಂದು ಅಚ್ಚು ಹಾಕುವ ಸಂಪಾದಕ, ತೇದಿಯಿಲ್ಲದ ವೀರಗಲ್ಲಿನ ಕಾಲ ಊಹಿಸಲು ಒದಗುವ ಒಂದು ಸಾಕ್ಷ್ಯವನ್ನೇ ಅಳಿಸಿದಂತಾಗುತ್ತದೆ.