ಪಾರಸಿಯ ಹಂಪಿ, ಪೋರ್ಚುಗೀಸರ ಹಂಪಿ

ಹೊಸಪೇಟೆಯಿಂದ ಹಂಪಿಗೆ ಹನ್ನೆರಡು-ಹದಿಮೂರು ಕಿಲೋಮೀಟರು. ಬಸ್ಸು ಹತ್ತಿದರೆ ಅರ್ಧ ಗಂಟೆಯ ದಾರಿ. ಒಮ್ಮೆ ನಮ್ಮ ತಂಗಿಯ ಮಗನನ್ನು ಕರೆದುಕೊಂಡು ಹೋಗಿದ್ದೆವು. ಪಕ್ಕದಲ್ಲಿ ಯಾರೋ ಪ್ರವಾಸಿಗಳಿಗೆ 1565ರ ಕಥೆ ಹೇಳುತ್ತಿದ್ದರು. ಅದನ್ನು ಕೇಳಿಸಿಕೊಂಡ ಹುಡುಗ, 'ಮಾಮೂ, ನಮ್ಮೋರು ಇಲ್ಲಿಗೆ ಒಡೆಯೋಕೆ ಮಾತ್ರ ಬಂದಿದ್ರಾ?' ಎಂದು ಕೇಳಿದ. ತಕ್ಷಣ ಉತ್ತರ ಹೊಳೆಯಲಿಲ್ಲ. ಆ ಪ್ರಶ್ನೆಯೇ ನಮ್ಮನ್ನು ಹಳೆಯ ಪುಸ್ತಕಗಳ ಬಳಿಗೆ ಎಳೆದೊಯ್ದಿತು.

ಹಂಪಿಯ ಶಾಸನಗಳು ದಾನ, ಗಡಿ, ತೆರಿಗೆಗಳನ್ನು ಹೇಳುತ್ತವೆ. ಬಜಾರಿನ ಗದ್ದಲವನ್ನು, ಹಬ್ಬದ ಸಡಗರವನ್ನು ಬರೆದಿಟ್ಟವರಲ್ಲಿ ಹೊರಗಿನಿಂದ ಬಂದವರೇ ಮುಖ್ಯರು. ಡೊಮಿಂಗೊ ಪಾಯಸ್ ಮತ್ತು ಫೆರ್ನಾವ್ ನೂನಿಜ್ ಬರೆದದ್ದು ಪೋರ್ಚುಗೀಸಿನಲ್ಲಿ. ಆ ಹಸ್ತಪ್ರತಿ ಪ್ಯಾರಿಸಿನ ಗ್ರಂಥಾಲಯದಲ್ಲಿತ್ತು. ಅದನ್ನು 1897ರಲ್ಲಿ ಡೇವಿಡ್ ಲೋಪೆಸ್ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. 1900ರಲ್ಲಿ ರಾಬರ್ಟ್ ಸೂಯೆಲ್ ಇಂಗ್ಲಿಷಿಗೆ ತಂದರು. ಅಬ್ದುರ್ರಜಾಕ್ ಬರೆದದ್ದು ಪಾರಸಿಯಲ್ಲಿ. ಅದೂ ನಮ್ಮತ್ತ ಬಂದದ್ದು ಯುರೋಪಿನ ಭಾಷೆಗಳನ್ನು ಸುತ್ತಿಕೊಂಡೇ. ಎಚ್.ಎಲ್. ನಾಗೇಗೌಡರು 'ಪ್ರವಾಸಿ ಕಂಡ ಇಂಡಿಯಾ' ಸಂಪುಟಗಳಲ್ಲಿ ಇಂಥ ಬರಹಗಳನ್ನು ಕನ್ನಡಕ್ಕೆ ತಂದ ಮೇಲೆ ನಮ್ಮಂಥವರಿಗೆ ದಾರಿ ಸಲೀಸಾಯಿತು. ನಮ್ಮ ಊರಿನ ಸುದ್ದಿ ಲೋಕ ಸುತ್ತಿ, ಅನುವಾದವಾಗಿ ನಮ್ಮ ಕೈ ಸೇರಿತು.

ಅಬ್ದುರ್ರಜಾಕ್ ಹೆರಾತಿನಲ್ಲಿ 1413ರಲ್ಲಿ ಹುಟ್ಟಿದವನು, ಖಾಜಿಯ ಮಗ. ತೈಮೂರನ ಮಗ ಶಾರುಖ್ ಸುಲ್ತಾನನ ರಾಯಭಾರಿಯಾಗಿ ಹೊರಟು, ಹೊರ್ಮುಜ್, ಕಲ್ಲಿಕೋಟೆಗಳನ್ನು ದಾಟಿ 1443ರಲ್ಲಿ ಇಮ್ಮಡಿ ದೇವರಾಯನ ರಾಜಧಾನಿಗೆ ಬಂದ. ಏಳು ಸುತ್ತಿನ ಕೋಟೆಯನ್ನು ಕಂಡು ಬೆರಗಾದ. ತನ್ನ ಜನರಿಗೆ ಅದರ ವಿಸ್ತಾರ ತಿಳಿಯಲೆಂದು ಹೆರಾತನ್ನೇ ಅಳತೆಗೋಲು ಮಾಡಿಕೊಂಡ. ಅರಮನೆಯ ಪಕ್ಕದ ಕಂಬಗಳ ಚಾವಡಿ ಅವನಿಗೆ ತನ್ನ ನಾಡಿನ 'ಚಿಹಿಲ್ ಸುತೂನ್', ಅಂದರೆ ನಲವತ್ತು ಕಂಬದ ಮಂಟಪದಂತೆ ಕಂಡಿತು. ದೀವಾನರು, ಲೆಕ್ಕಪತ್ರ, ರಾಯಭಾರಿಗೆ ಸಲ್ಲುವ ಮರ್ಯಾದೆ, ವೀಳ್ಯ ಕೊಡುವ ಕ್ರಮ ಇವೆಲ್ಲ ಅವನ ಕಣ್ಣಿಗೆ ಬಿದ್ದವು. ಗುಲಾಬಿಯಿಲ್ಲದೆ ಈ ಜನ ಬದುಕಲಾರರು ಎಂದೂ ಬರೆದ.

ಅವನು ಹೇಳುವ ಒಂದು ಸಂಗತಿ ನಮಗೆ ಬಹಳ ಪ್ರಿಯವಾದದ್ದು. ಇಲ್ಲಿಯ ಬರವಣಿಗೆ ಎರಡು ಬಗೆಯದು: ಒಂದು ಓಲೆಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುವುದು, ಇನ್ನೊಂದು ಕಪ್ಪು ಬಳಿದ ಹಾಳೆಯ ಮೇಲೆ ಮೆತ್ತನೆಯ ಕಲ್ಲಿನಿಂದ ಬಿಳಿಯಾಗಿ ಬರೆಯುವುದು. ಪಾರಸಿಯವನಿಗೆ ಅದು ವಿಚಿತ್ರ, ಇಂಗ್ಲಿಷ್ ಅನುವಾದಕನಿಗೆ ಬರೀ ಕಲ್ಲು. ಕನ್ನಡದವನಿಗೆ ಮಾತ್ರ ಗೊತ್ತು, ಆ ಕಲ್ಲು ಬಳಪ, ಆ ಹಾಳೆ ಕಡತ! ಇಂದಿಗೂ ತಾಲ್ಲೂಕು ಕಚೇರಿಯಲ್ಲಿ ನಾವು 'ನಮ್ಮ ಕಡತ ಎಲ್ಲಿ ಸ್ವಾಮಿ?' ಎಂದು ಅಲೆಯುವುದು ಆ ಹಳೆಯ ಹೆಸರನ್ನು ಹಿಡಿದೇ. ಅದೇ ಕಚೇರಿಯ ಖಜಾನೆ, ದಫ್ತರ, ದಿವಾನಗಳು ಪಾರಸಿ-ಅರಬ್ಬಿಯ ಕಡೆಯಿಂದ ಬಂದವು. ಉರ್ದು-ಕನ್ನಡ ಎರಡನ್ನೂ ಓದಿದ ನಮಗೆ ಇವುಗಳಲ್ಲಿ ಯಾವುದೂ ಪರಕೀಯವಲ್ಲ.

ಸುಮಾರು ಎಂಬತ್ತು ವರ್ಷಗಳ ನಂತರ, ಕೃಷ್ಣದೇವರಾಯನ ಕಾಲದಲ್ಲಿ ಪಾಯಸ್ ಬಂದ. ಅಷ್ಟರಲ್ಲಿ ಲೋಕ ಬದಲಾಗಿತ್ತು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನೂ 1515ರಲ್ಲಿ ಹೊರ್ಮುಜನ್ನೂ ಹಿಡಿದಿದ್ದರು. ಅರಬ್ಬಿ ಕುದುರೆಗಳ ಕಡಲ ದಾರಿ ಅವರ ಕೈ ಸೇರಿತ್ತು. ಅಬ್ದುರ್ರಜಾಕನ ಅಳತೆಗೋಲು ಹೆರಾತ್ ಆದರೆ ಪಾಯಸನದು ರೋಮ್. ಒಬ್ಬ ಆಸ್ಥಾನದ ಮನುಷ್ಯ, ಇನ್ನೊಬ್ಬ ವ್ಯಾಪಾರಿಗಳ ಸಂಗಡ ಬಂದವನು. ಆಮೇಲೆ, ಅಚ್ಯುತರಾಯನ ಕಾಲದಲ್ಲಿ ಬರೆದ ನೂನಿಜ್ ಕುದುರೆ ವ್ಯಾಪಾರಿಯೇ. ಸಾಳುವ ನರಸಿಂಹ ಕಡಲಲ್ಲಿ ಸತ್ತ ಕುದುರೆಯ ಬಾಲ ತೋರಿಸಿದರೂ ಪೂರ್ತಿ ಬೆಲೆ ಕೊಡುತ್ತಿದ್ದನೆಂದು ಅವನು ದಾಖಲಿಸುತ್ತಾನೆ. ಹೆರಾತಿನ ಖಾಜಿಯ ಮಗ ಗುಲಾಬಿ ಕಂಡ ನಾಡಿನಲ್ಲಿ ವ್ಯಾಪಾರಿ ಬಾಲದ ಲೆಕ್ಕ ಇಟ್ಟ. ಅವರವರ ಸಮಾಜ ಅವರವರ ಕಣ್ಣಲ್ಲಿತ್ತು.

ಹೊಸಪೇಟೆಯಿಂದ ಸಂಡೂರಿನ ಗುಡ್ಡಗಳತ್ತ ಹೋಗುವಾಗ ಸಿಗುವ ರಾಯರ ಕೆರೆಯ ವಿಷಯವೂ ಹೀಗೆಯೇ. ಈಗ ನೀರಿಲ್ಲದ ಆ ಕೆರೆಯ ಏರಿಯನ್ನೇ ಪಾಯಸ್ ಮತ್ತು ನೂನಿಜ್ ವರ್ಣಿಸಿದ್ದಾರೆಂದು ಸೂಯೆಲ್ ಗುರುತಿಸಿದರು. ಏರಿ ಮತ್ತೆ ಮತ್ತೆ ಒಡೆದಾಗ ಅರವತ್ತು ಜನರನ್ನು, ಕುದುರೆ-ಕೋಣಗಳನ್ನು ಬಲಿ ಕೊಟ್ಟರೆಂದು ಪಾಯಸ್ ಹೇಳಿದರೆ, ತಲೆ ಕಡಿಸಿದ್ದು ಮರಣದಂಡನೆಗೆ ಅರ್ಹರಾಗಿದ್ದ ಕೈದಿಗಳದೆಂದು ನೂನಿಜ್ ಹೇಳುತ್ತಾನೆ. ಕೆರೆಯಿಂದ ಬಂದ ಆದಾಯವನ್ನೂ, ಕೆಲಸಕ್ಕೆ ಬಂದ ಪೋರ್ಚುಗೀಸ್ ಕಲ್ಲುಕುಟಿಗನ ಹೆಸರನ್ನೂ ಬರೆಯಲು ಅವನು ಮರೆಯಲಿಲ್ಲ. ಒಂದೇ ದೇಶದಿಂದ ಬಂದ ಇಬ್ಬರೇ ಒಂದೇ ಮಾತು ಹೇಳದಿರುವಾಗ, ಒಂದೇ ಪುಸ್ತಕ ಓದಿ ಚರಿತ್ರೆ ಗೊತ್ತು ಎನ್ನುವುದು ಹೇಗೆ?

ಇನ್ನು ಕಂಪ್ಲಿ. ದೆಹಲಿಯ ಮುಹಮ್ಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಅವನ ಬಂಧು ಬಹಾವುದ್ದೀನ್ ಗುರ್ಷಾಸ್ಪನಿಗೆ ಕಂಪಿಲರಾಯ ಆಶ್ರಯ ಕೊಟ್ಟ. ಅದಕ್ಕಾಗಿ 1327ರಲ್ಲಿ ರಾಜ್ಯವನ್ನೂ ಪ್ರಾಣವನ್ನೂ ತೆತ್ತ. ಕನ್ನಡದ ಕುಮಾರರಾಮನ ಕಾವ್ಯಗಳು ಇದನ್ನು ವೀರಕಥೆಯಾಗಿ ಹಾಡುತ್ತವೆ. ಮೊರೊಕ್ಕೊದ ಇಬ್ನ್ ಬತೂತ ಅರಬ್ಬಿಯಲ್ಲಿ ಇದೇ ಪ್ರಸಂಗವನ್ನು ಹೇಳುತ್ತಾನೆ. ದೆಹಲಿಯ ಸುಲ್ತಾನನ ಊಟ ಉಂಡವನಾದರೂ, ಶರಣು ಬಂದವನನ್ನು ಕೈಬಿಡದ ಹಿಂದೂ ರಾಜನ ಬಗ್ಗೆ ಅವನು ಗೌರವದಿಂದಲೇ ಬರೆದ. ಶತ್ರುಪಾಳಯದ ಬರಹದಲ್ಲಿ ನಮ್ಮ ನೆಲದ ಮಾನ ಉಳಿದಿದೆ.

ಈಗ ಹುಡುಗನ ಪ್ರಶ್ನೆಗೆ ಬರೋಣ. 1565ರಲ್ಲಿ ನಗರ ಹಾಳಾದದ್ದು ನಿಜ. ದಖ್ಖನಿನ ಸುಲ್ತಾನರ ಸೇನೆಗಳು ಬಂದದ್ದೂ ನಿಜ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಅಷ್ಟೇ ನಿಜವಲ್ಲ. ನಗರದ ಅಂಚಿನಲ್ಲಿ ಮುಸ್ಲಿಮರ ಕೇರಿಯಿತ್ತು, ಅವರಲ್ಲಿ ಅನೇಕರು ಈ ನಾಡಿನಲ್ಲೇ ಹುಟ್ಟಿದವರು, ರಾಯನ ಕಾವಲುಪಡೆಯಲ್ಲಿ ಸಂಬಳಕ್ಕಿದ್ದವರು ಎಂದು ಪಾಯಸ್ ಬರೆದಿದ್ದಾನೆ.

ಅದಕ್ಕಿಂತ ದೊಡ್ಡ ಸಾಕ್ಷಿ ಕಲ್ಲಿನಲ್ಲಿದೆ. ತಳವಾರಘಟ್ಟದ ಕಡೆಗೆ ಹೋಗುವ ದಾರಿಯ ಸಮೀಪ, ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯಿದೆ. ಮಿನಾರಿಲ್ಲ, ಗುಮ್ಮಟವಿಲ್ಲ, ಕಂಬ-ತೊಲೆಗಳ ಮಂಟಪ. ತನ್ನ ಒಡೆಯ ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದೆನೆಂಬ ಕನ್ನಡ ಶಾಸನ ಅಲ್ಲಿದೆ. ಅದರಲ್ಲಿ ಮಸೀದಿಯನ್ನು ಕರೆದ ಹೆಸರು 'ಧರ್ಮಸಾಲೆ'.

ಲೋಪೆಸ್, ಸೂಯೆಲರಿಗಿಂತ ನಾಲ್ಕೂವರೆ ಶತಮಾನ ಮೊದಲೇ ಅಹಮದ್ ಖಾನ್ ತನ್ನ ಪ್ರಾರ್ಥನೆಯ ಮನೆಯನ್ನು ನೆರೆಯವರ ಭಾಷೆಗೆ ಅನುವಾದಿಸಿದ್ದ. ಅನುವಾದವೆಂದರೆ ಇದೇ ತಾನೆ? ನಮ್ಮದನ್ನು ಬಿಡದೆ, ಎದುರಿನವನಿಗೆ ತಿಳಿಯುವಂತೆ ಹೇಳುವುದು. ಮುಂದಿನ ಸಲ ಹುಡುಗನನ್ನು ಮೊದಲು ಅಲ್ಲಿಗೇ ಕರೆದೊಯ್ಯುತ್ತೇವೆ. ಅವನಿಗೆ ಕನ್ನಡ ಓದಲು ಬರುತ್ತದೆ. ಉಳಿದದ್ದನ್ನು ಆ ಕಲ್ಲೇ ಹೇಳಲಿ.