ಆಸ್ತಿ ವ್ಯವಹಾರದ ವಕೀಲರು (ಕಾರವಾರ–ಅಂಕೋಲಾ)

ಜಮೀನು, ಮನೆಗಳ ಕ್ರಯದಲ್ಲಿ ಹಕ್ಕುಪತ್ರಗಳನ್ನು ಪರಿಶೀಲಿಸಿ ಕಾನೂನು ಅಭಿಪ್ರಾಯ ನೀಡುವ ನ್ಯಾಯವಾದಿಗಳು. 1908ರ ನೋಂದಣಿ ಕಾಯಿದೆಯಡಿ ಉಪನೋಂದಣಾಧಿಕಾರಿ ಕ್ರಯಪತ್ರವನ್ನು ದಾಖಲಿಸುತ್ತಾರೆಯೇ ಹೊರತು ಮಾರುವವರ ಒಡೆತನಕ್ಕೆ ಖಾತರಿ ಕೊಡುವುದಿಲ್ಲ. ಪಹಣಿಯೂ ಮೂಲತಃ ಕಂದಾಯದ ದಾಖಲೆ. ಹಾಗಾಗಿ ಹಕ್ಕಿನ ಮೂಲ ಹುಡುಕುವ ಹೊಣೆ ಕೊಳ್ಳುವವರದೇ. ಈ ಕರಾವಳಿಯಲ್ಲಿ ಅದು ಸುಲಭವಲ್ಲ: 1956ರವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತದಲ್ಲಿತ್ತು, 1974ರ ಭೂಸುಧಾರಣೆ ತಿದ್ದುಪಡಿಯ ಬಳಿಕ ಅನೇಕ ಗೇಣಿದಾರರು ಭೂ ನ್ಯಾಯಮಂಡಳಿಯ ಆದೇಶದಿಂದ ಒಡೆಯರಾದರು, ಸೀಬರ್ಡ್ ನೌಕಾನೆಲೆಗೆ ಎರಡೂ ತಾಲ್ಲೂಕುಗಳ ಭೂಮಿ ಸ್ವಾಧೀನವಾಯಿತು, ಕಡಲತೀರದಲ್ಲಿ ಕರಾವಳಿ ನಿಯಂತ್ರಣ ವಲಯದ ನಿರ್ಬಂಧಗಳಿವೆ.

ಕ್ರಯಪತ್ರ ಬರೆಯುವವರು ಸಾಲದೇ, ಬ್ಯಾಂಕಿನ ವಕೀಲರು ನೋಡಿದ್ದಾರಲ್ಲ ಎಂಬ ಆಕ್ಷೇಪ ಸಹಜ. ಆದರೆ ಪತ್ರ ಬರೆಯುವವರ ಕೌಶಲ ಒಕ್ಕಣೆಯದು. ಬ್ಯಾಂಕಿನ ವಕೀಲರು ಕಾಯುವುದು ಸಾಲದ ಭದ್ರತೆಯನ್ನು. ಋಣಭಾರ ಪ್ರಮಾಣಪತ್ರ ತೋರಿಸುವುದು ನೋಂದಣಿಯಾದ ವ್ಯವಹಾರಗಳನ್ನಷ್ಟೇ. ನೋಂದಾಯಿಸದ ಉಯಿಲಾಗಲಿ, ಹಿಂದೂ ಉತ್ತರಾಧಿಕಾರ ಕಾಯಿದೆಯ 2005ರ ತಿದ್ದುಪಡಿ ಅವಿಭಕ್ತ ಕುಟುಂಬದ ಹೆಣ್ಣುಮಕ್ಕಳಿಗೆ ಕೊಟ್ಟ ಸಮಪಾಲಿನ ಹಕ್ಕಾಗಲಿ ಅದರಲ್ಲಿ ಕಾಣುವುದಿಲ್ಲ. ಶುಲ್ಕ ಹೊರೆಯೆಂಬ ವಾದವೂ ವರ್ಷಗಟ್ಟಲೆ ನಡೆಯಬಲ್ಲ ದಾವೆಯ ಖರ್ಚಿನೆದುರು ನಿಲ್ಲದು. ಆದ್ದರಿಂದ ಎದುರು ಪಕ್ಷದ ಪರವಾಗಿಲ್ಲದ, ಸ್ಥಳೀಯ ದಾಖಲೆ ಬಲ್ಲ ವಕೀಲರನ್ನು ಆರಿಸಿ, ಶುಲ್ಕ ಮೊದಲೇ ಗೊತ್ತುಮಾಡಿಕೊಂಡು, ಮುಂಗಡ ಕೊಡುವ ಮುನ್ನವೇ ಲಿಖಿತ ಅಭಿಪ್ರಾಯ ಪಡೆಯುವುದು ವಿವೇಕ.